ಇಂಟರ್ನಲ್ಸ್‌ನಲ್ಲಿ 25ಕ್ಕೆ 9, ಮುಂದೇನು?

ಪ್ರಶ್ನೆ: ಮೇಡಂ, ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಮೂರನೇ ಸೆಮಿಸ್ಟರ್ ಕಂಪ್ಯೂಟರ್ ಸೈನ್ಸ್‌ಗೆ ಸೇರಿದ್ದೇನೆ. ವಿಟಿಯು ಕಾಲೇಜು, 2022ರ ಸ್ಕೀಮ್. ಗಣಿತದ ಮೊದಲ ಇಂಟರ್ನಲ್ಸ್‌ನಲ್ಲಿ 25ಕ್ಕೆ 9 ಬಂದಿದೆ. ಪಾಲಿಟೆಕ್ನಿಕ್‌ನಲ್ಲಿ ನಾನೇ ಕ್ಲಾಸಿಗೆ ಫಸ್ಟ್ ಇದ್ದೆ. ಒಬ್ಬ ಗೆಳತಿ ‘ಇಂಟರ್ನಲ್ಸ್ ಬಿಡೇ, ಕೊನೆಗೆ ಸರ್ ಹೇಗೋ ಹಾಕ್ತಾರೆ’ ಅಂತಾಳೆ. ಇನ್ನೊಬ್ಬಳು ‘ಬ್ಯಾಕ್ ಗ್ಯಾರಂಟಿ’, ಅಂದರೆ ಫೇಲಾಗಿ ಮತ್ತೆ ಬರೆಯಬೇಕು, ಅಂತಾಳೆ. ಸರ್ ಹತ್ತಿರ ಹೋಗಲು ಭಯ. ಮನೆಯಲ್ಲಿ ಹೇಳಿಲ್ಲ. ಬ್ಲೂ ಬುಕ್‌ನ (ಟೆಸ್ಟ್ ಬರೆದ ಉತ್ತರ ಪುಸ್ತಕ) ಫೋಟೊ ಕಳಿಸಿದ್ದೇನೆ. ಏನು ಮಾಡಲಿ?
— ಎಸ್., ಹಾಸನ

ಉತ್ತರ: ನೋಡಮ್ಮ, ನಿನ್ನ ಕಾಗದಕ್ಕಿಂತ ಬ್ಲೂ ಬುಕ್ಕನ್ನೇ ನಾನು ಜಾಸ್ತಿ ಹೊತ್ತು ನೋಡಿದೆ. ಪಾಠ ಮಾಡುವುದು ಬಿಟ್ಟರೂ ಕೆಂಪು ಇಂಕು ಕಂಡರೆ ಕಣ್ಣು ಅಲ್ಲಿಗೇ ಓಡುತ್ತದೆ. ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ಬರೀ 9 ಅಂತ ಬರೆದಿದ್ದರೆ ನಾನೂ ‘ಚೆನ್ನಾಗಿ ಓದು’ ಅಂತ ಹೇಳಿ ಕೈ ತೊಳೆದುಕೊಳ್ಳಬೇಕಾಗುತ್ತಿತ್ತು.

ಕಳೆದುಹೋದ 16 ಅಂಕ ಎಲ್ಲೆಲ್ಲಿ ಹೋಯಿತು, ನೋಡೋಣ.

ಮೊದಲನೇದು 8 ಅಂಕದ ಪ್ರಶ್ನೆ. ಸೊನ್ನೆಯಿಂದ ಮೂರರವರೆಗೆ ಕೆ ಎಕ್ಸ್ ಸ್ಕ್ವೇರ್ ಎಂಬ ಡೆನ್ಸಿಟಿ ಫಂಕ್ಷನ್. ಕೆ ಬೆಲೆ 1/9 ಅಂತ ಸರಿಯಾಗಿ ತೆಗೆದಿದ್ದೀಯ. ಆಮೇಲೆ ಎಕ್ಸ್ ಒಂದರಿಂದ ಎರಡರ ನಡುವೆ ಇರುವ ಸಂಭವನೀಯತೆ ಕೇಳಿದರೆ, ಸೊನ್ನೆಯಿಂದ ಎರಡಕ್ಕೆ ಇಂಟಿಗ್ರೇಟ್ ಮಾಡಿ 8/27 ಬರೆದಿದ್ದೀಯ. ಬರಬೇಕಾದ್ದು 7/27. ಇಂಟಿಗ್ರೇಷನ್ ಸರಿ, ಲಿಮಿಟ್ ತಪ್ಪು. ಇಲ್ಲಿ 5 ಬಂತು, 3 ಹೋಯಿತು.

ಎರಡನೇದೂ 8 ಅಂಕದ್ದು, ಪಾಯ್ಸನ್ ಲೆಕ್ಕ. ಬಲ್ಬ್‌ಗಳಲ್ಲಿ ಶೇ 2ರಷ್ಟು ಕೆಟ್ಟಿರುತ್ತವೆ, 100 ಬಲ್ಬ್‌ಗಳ ಪೆಟ್ಟಿಗೆಯಲ್ಲಿ ಎರಡು ಅಥವಾ ಅದಕ್ಕಿಂತ ಕಡಿಮೆ ಕೆಟ್ಟವು ಸಿಗುವ ಸಂಭವ ಎಷ್ಟು? ಸರಾಸರಿ 2 ಅಂತ ಹಾಕಿದ್ದು ಸರಿ. ಸೊನ್ನೆ, ಒಂದು, ಎರಡು ಕೆಟ್ಟವು ಸಿಗುವ ಸಂಭವಗಳನ್ನು ಕೂಡಿಸಿದ್ದರೆ 0.6767 ಬರುತ್ತಿತ್ತು. ನೀನು ಎರಡರದ್ದು ಮಾತ್ರ ಲೆಕ್ಕ ಹಾಕಿ 0.2707 ಅಂತ ನಿಲ್ಲಿಸಿ, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀಯ. 8ರಲ್ಲಿ ಅರ್ಧ, ಅಂದರೆ 4 ಅಂಕ ಹೋಯಿತು.

ಮೂರನೇದು 9 ಅಂಕದ ಜಾಯಿಂಟ್ ಡಿಸ್ಟ್ರಿಬ್ಯೂಷನ್. ಪ್ರಶ್ನೆಯಲ್ಲಿದ್ದ ಟೇಬಲ್ಲನ್ನು ಸ್ಕೇಲ್ ಇಟ್ಟು ಪೆನ್ಸಿಲ್‌ನಲ್ಲಿ ಮುದ್ದಾಗಿ ಬರೆದುಕೊಂಡಿದ್ದೀಯ. ಅಲ್ಲಿಂದಾಚೆ ಖಾಲಿ. ಅಡ್ಡ ಸಾಲುಗಳನ್ನು ಕೂಡಿಸಿದ್ದರೆ ಎಕ್ಸ್‌ನ ಮಾರ್ಜಿನಲ್ (ಎಕ್ಸ್ ಒಂದರದೇ ಸಂಭವನೀಯತೆ) ಬರುತ್ತಿತ್ತು. ಉದ್ದ ಸಾಲು ಕೂಡಿಸಿದ್ದರೆ ವೈನದು. ಬರೀ ಕೂಡುವ ಲೆಕ್ಕ! ಅಷ್ಟಕ್ಕೇ ಒಂದಿಷ್ಟು ಅಂಕ ಕೊಡದ ಮೇಷ್ಟ್ರನ್ನು ನಾನು ಕಂಡಿಲ್ಲ.

ಅಂದರೆ 7 ಅಂಕ ಅವಸರಕ್ಕೆ ಹೋದದ್ದು, 9 ಅಂಕ ಗೊತ್ತಿಲ್ಲದ್ದಕ್ಕೆ ಹೋದದ್ದು. ಎರಡಕ್ಕೂ ಮದ್ದು ಬೇರೆ. ಮೊದಲೆರಡು ಲೆಕ್ಕವನ್ನು ಇವತ್ತೇ ಬಿಳಿ ಹಾಳೆಯಲ್ಲಿ, ಗಡಿಯಾರ ಇಟ್ಟುಕೊಂಡು ಮತ್ತೆ ಮಾಡು. ಜಾಯಿಂಟ್ ಡಿಸ್ಟ್ರಿಬ್ಯೂಷನ್ ಇರುವ ಎರಡನೇ ಮಾಡ್ಯೂಲನ್ನು ಮಾತ್ರ ಮೊದಲಿಂದ ಓದಬೇಕು. ಇನ್ನೊಂದು ವಿಷಯ. ನಿನ್ನ ಪಕ್ಕ ಕೂತವರು ಮೊದಲ ವರ್ಷದ ಎರಡೂ ಸೆಮಿಸ್ಟರ್‌ನಲ್ಲಿ ಕ್ಯಾಲ್ಕುಲಸ್ ಉಜ್ಜಿ ಬಂದವರು. ನಿನ್ನ ಹಾಗೆ ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಬರುವ ಲ್ಯಾಟರಲ್ ಎಂಟ್ರಿಯವರಿಗೆ ಆ ಒಂದು ವರ್ಷ ಇಲ್ಲ. ಪಾಲಿಟೆಕ್ನಿಕ್‌ನ ಫಸ್ಟ್ ರ‍್ಯಾಂಕನ್ನು ಈ 9ರ ಪಕ್ಕ ಇಟ್ಟು ಸಂಕಟಪಡಬೇಡ. ಪಿಯುಸಿ ಪುಸ್ತಕ ಯಾರ ಹತ್ತಿರವಾದರೂ ಇಸ್ಕೊಂಡು ಇಂಟಿಗ್ರೇಷನ್ ಅಧ್ಯಾಯ ಒಂದನ್ನು ಮುಗಿಸು.

ಈಗ ನಿನ್ನ ಗೆಳತಿಯರ ಮಾತು. ನಿನ್ನ ಈ ವಿಷಯಕ್ಕೆ ಇಂಟರ್ನಲ್ಸ್ 50, ಕೊನೆಯ ಪರೀಕ್ಷೆ 50. ಇಂಟರ್ನಲ್ಸ್‌ನ 50ರಲ್ಲಿ ಟೆಸ್ಟ್‌ಗಳಿಗೆ 25, ಅಸೈನ್‌ಮೆಂಟ್‌ಗೆ 25. ಎರಡನೇ ಟೆಸ್ಟ್‌ನಲ್ಲಿ 17 ತೆಗೆದರೆ 9 ಮತ್ತು 17ರ ಸರಾಸರಿ 13. ಅಸೈನ್‌ಮೆಂಟ್‌ನಲ್ಲಿ 20 ಬಂದರೆ ಒಟ್ಟು 33. ಬೇಕಾದ್ದು ಕನಿಷ್ಠ 20. ಹಾಗಾಗಿ ‘ಬ್ಯಾಕ್ ಗ್ಯಾರಂಟಿ’ ಅಂದವಳಿಗೆ ಲೆಕ್ಕ ಬರುವುದಿಲ್ಲ.

‘ಹೇಗೋ ಹಾಕ್ತಾರೆ’ ಅಂದವಳಿಗೆ ನಿಯಮವೇ ಗೊತ್ತಿಲ್ಲ. ಇಂಟರ್ನಲ್ಸ್‌ನಲ್ಲಿ 20 ಆಗದಿದ್ದರೆ ಆ ವಿಷಯದ ಕೊನೆಯ ಪರೀಕ್ಷೆಗೆ ಕೂರಿಸುವುದೇ ಇಲ್ಲ. ರಿಸಲ್ಟ್‌ನಲ್ಲಿ ‘ಎನ್‌ಇ’ ಅಂತ ಬರುತ್ತದೆ, ನಾಟ್ ಎಲಿಜಿಬಲ್. 20 ಬಂದರೆ ಸಾಕು ಅನ್ನುವವರೂ ಎಡವುತ್ತಾರೆ. ಕೊನೆಯ ಪರೀಕ್ಷೆಯ ಕನಿಷ್ಠ 18. ಆದರೆ ಎರಡೂ ಸೇರಿ 40 ಆಗಲೇಬೇಕು. 20 ಮತ್ತು 18 ಕೂಡಿಸಿ ನೋಡು, 38. ಫೇಲ್! ಇಂಟರ್ನಲ್ಸ್ 33 ಇದ್ದವಳಿಗೆ ಈ ತಲೆನೋವಿಲ್ಲ. 100ಕ್ಕೆ ಬರೆಯುವ ಪೇಪರ್‌ನಲ್ಲಿ 54 ತೆಗೆದರೆ ಅದು 27 ಆಗಿ ಒಟ್ಟು 60, ಅಂದರೆ ಬಿ ಪ್ಲಸ್. (ಅಟಾನಮಸ್ ಕಾಲೇಜಿನವರು ಈ ಲೆಕ್ಕ ಹಿಡಿಯಬೇಡಿ, ನಿಮ್ಮ ಕಾಲೇಜಿನ ನಿಯಮ ನೋಡಿಕೊಳ್ಳಿ.)

ಸರ್ ಹತ್ತಿರ ಹೋಗುವ ವಿಚಾರ. ಹೋಗು, ಆದರೆ ಗುಂಪು ಕಟ್ಟಿಕೊಂಡು ಬೇಡ. ನನ್ನ ಸ್ಟಾಫ್ ರೂಮಿಗೂ ನಾಲ್ಕು ನಾಲ್ಕು ಜನ ಬರೋರು. ಬಾಗಿಲಲ್ಲಿ ಒಬ್ಬರನ್ನೊಬ್ಬರು ಮುಂದೆ ತಳ್ಳೋರು. ಕೊನೆಗೆ ಯಾರೂ ಬಾಯಿ ಬಿಡ್ತಿರಲಿಲ್ಲ. ಬ್ಲೂ ಬುಕ್ ಹಿಡಿದು ಒಬ್ಬಳೇ ಹೋಗಿ, ‘ಸರ್, ಈ ಟೇಬಲ್ ಬರೆದ ಮೇಲೆ ಮುಂದಿನ ಸ್ಟೆಪ್ ತಿಳೀಲಿಲ್ಲ’ ಅಂತ ಕೇಳು. ‘ಇನ್ನೆರಡು ಮಾರ್ಕ್ಸ್ ಹಾಕಿ ಸರ್’ ಅಂತ ಶುರು ಮಾಡಿದರೆ ಎಂಥ ಒಳ್ಳೆಯ ಮೇಷ್ಟ್ರಿಗೂ ಸಿಡುಕು ಬರುತ್ತದೆ. ಕೂಡಿಸುವುದರಲ್ಲಿ ತಪ್ಪಾಗಿದ್ದರೆ, ಒಳಗಿನ ಪುಟಕ್ಕೆ ಅಂಕ ಕೊಡುವುದು ಮರೆತಿದ್ದರೆ, ಅದನ್ನು ಧೈರ್ಯವಾಗಿ ತೋರಿಸಬಹುದು. ಬ್ಲೂ ಬುಕ್ ಕೊಟ್ಟು ಸಹಿ ಹಾಕಿಸಿಕೊಳ್ಳುವಾಗಲೇ ತೋರಿಸಬೇಕು ಅಷ್ಟೆ. ನಿನ್ನದರಲ್ಲಿ ನಾನು ಕೂಡಿಸಿ ನೋಡಿದೆ, 5 ಮತ್ತು 4, ಸರಿಯಾಗಿದೆ.

ಮನೆಯಲ್ಲೂ ಹೇಳಿಬಿಡು. 9 ಅಂತ ಮಾತ್ರ ಹೇಳಬೇಡ. 9 ಬಂದಿದೆ, ಎರಡನೇದರಲ್ಲಿ 17 ಬೇಕು, ಅದಕ್ಕೆ ಹೀಗೆ ಓದ್ತಾ ಇದ್ದೀನಿ ಅನ್ನು.

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗ ಅಮೆರಿಕದಲ್ಲಿ ಎಂಎಸ್ ಮಾಡುತ್ತಿದ್ದಾನೆ. ಮಿಡ್‌ಟರ್ಮ್‌ನಲ್ಲಿ ಒಂದು ಕೋರ್ಸ್‌ಗೆ 61 ಬಂತಂತೆ. ಇಲ್ಲಿ ಯಾವತ್ತೂ 90ರ ಕೆಳಗೆ ಇಳಿದವನಲ್ಲ. ‘ಕೋರ್ಸ್ ಡ್ರಾಪ್ ಮಾಡ್ತೀನಿ’ ಅಂತಿದ್ದಾನೆ. ನಾವೇ ಯೂನಿವರ್ಸಿಟಿಗೆ ಇಮೇಲ್ ಬರೆದು ವಿಚಾರಿಸಬಹುದೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಬರೆದರೂ ಅವರು ಅಂಕದ ವಿಷಯ ಹೇಳಲಿಕ್ಕಿಲ್ಲ. ಅಲ್ಲಿ 1974ರಿಂದ ಫೆರ್ಪಾ ಅಂತ ಒಂದು ಕಾನೂನಿದೆ. ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆ ವಿದ್ಯಾರ್ಥಿಯದ್ದೇ. ಅವನ ಒಪ್ಪಿಗೆ ಇಲ್ಲದೆ ಸಾಮಾನ್ಯವಾಗಿ ಅಪ್ಪ ಅಮ್ಮನಿಗೂ ತೋರಿಸುವುದಿಲ್ಲ. ನಮಗೆ ಇದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಇಲ್ಲಿ ಅಟೆಂಡೆನ್ಸ್ ಕಡಿಮೆಯಾದರೂ ಅಪ್ಪನ ಫೋನಿಗೆ ಮೆಸೇಜ್ ಬರುತ್ತದೆ.

ಮಗನನ್ನೇ ಎರಡು ವಿಷಯ ಕೇಳಿ. ಕ್ಲಾಸಿನ ಸರಾಸರಿ ಎಷ್ಟು? ಸಿಲಬಸ್‌ನಲ್ಲಿ ಮಿಡ್‌ಟರ್ಮ್‌ಗೆ ಶೇ ಎಷ್ಟು ತೂಕ ಇದೆ? ಸರಾಸರಿಯೇ 55 ಇದ್ದು, ಪ್ರೊಫೆಸರ್ ಕರ್ವ್ ಮೇಲೆ, ಅಂದರೆ ಕ್ಲಾಸಿನ ಉಳಿದವರಿಗೆ ಹೋಲಿಸಿ, ಗ್ರೇಡ್ ಕೊಡುವವರಾದರೆ 61 ಒಳ್ಳೆಯ ಅಂಕವೇ. ಸರಾಸರಿ 85 ಇದ್ದರೆ ಅವನು ಆಫೀಸ್ ಅವರ್ಸ್‌ಗೆ (ಪ್ರೊಫೆಸರ್ ವಿದ್ಯಾರ್ಥಿಗಳಿಗೆ ಸಿಗುವ ಹೊತ್ತು) ಈ ವಾರವೇ ಹೋಗಬೇಕು. ಎಂಎಸ್‌ನಲ್ಲಿ ಸಾಮಾನ್ಯವಾಗಿ 3.0 ಜಿಪಿಎ (ಗ್ರೇಡ್‌ಗಳ ಸರಾಸರಿ) ಉಳಿಸಿಕೊಳ್ಳಬೇಕಾಗುತ್ತದೆ. ರೀಗ್ರೇಡ್ ಕೇಳುವುದಿದ್ದರೆ ನಿಯಮ ಓದಿಕೊಂಡು ಕೇಳಲಿ. ಕೆಲವರು ಇಡೀ ಪೇಪರನ್ನೇ ಮತ್ತೆ ನೋಡುತ್ತಾರೆ, ಇದ್ದದ್ದೂ ಇಳಿಯಬಹುದು.

ಡ್ರಾಪ್ ಮಾಡುವ ಮುಂಚೆ ಮಾತ್ರ ಜೋಪಾನ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಫುಲ್ ಕೋರ್ಸ್ ಲೋಡ್ ಇಟ್ಟುಕೊಂಡಿರಬೇಕು. ಅದಕ್ಕಿಂತ ಕೆಳಗೆ ಇಳಿಯುವುದಾದರೆ, ಇಳಿಯುವ ಮೊದಲೇ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನವರ ಅನುಮತಿ ಬೇಕು. ಸುಮ್ನೆ ಆನ್‌ಲೈನ್‌ನಲ್ಲಿ ಬಟನ್ ಒತ್ತಿಬಿಟ್ಟರೆ ವೀಸಾ ಸ್ಟೇಟಸ್‌ಗೇ ಕುತ್ತು. ಇದನ್ನು ಇವತ್ತೇ ಫೋನ್ ಮಾಡಿ ಹೇಳಿ.

ಪ್ರಶ್ನೆ: ಮೊದಲ ಟೆಸ್ಟ್‌ನಲ್ಲಿ 25ಕ್ಕೆ 24. ಎರಡನೇದಕ್ಕೆ ಓದಲೇಬೇಕಾ ಮೇಡಂ?
— ಆರ್., ತುಮಕೂರು

ಉತ್ತರ: ಓದಲೇಬೇಕು ಮಾರಾಯ. ಎರಡನೇದರಲ್ಲಿ ಸೊನ್ನೆ ಸುತ್ತಿದರೆ ಸರಾಸರಿ 12ಕ್ಕೆ ಬರುತ್ತದೆ. ಕೊನೆಯ ಪೇಪರ್‌ನಲ್ಲಿ ಐದೂ ಮಾಡ್ಯೂಲ್‌ನಿಂದ 20 ಅಂಕದ ಒಂದೊಂದು ಪ್ರಶ್ನೆ ಬರೆಯಬೇಕು. ನಿನ್ನ 24 ಬಂದಿರುವುದು ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸಿಲಬಸ್‌ಗೆ ಮಾತ್ರ.