ಸ್ಟೋರೇಜ್ ಕಂಟ್ರೋಲರ್‌ನ ಡ್ರೈವರ್: ಯಾವುದನ್ನು ಆರಿಸಬೇಕು, ಯಾವಾಗ ಬದಲಿಸಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದುದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮದರ್‌ಬೋರ್ಡ್‌ನಲ್ಲಿ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯೊಂದಿಗೆ ಮಾತುಕತೆ ನಡೆಸುವ ಭಾಗವೇ ಸ್ಟೋರೇಜ್ ಕಂಟ್ರೋಲರ್. ಆ ಭಾಗವನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶವೇ ಅದರ ಡ್ರೈವರ್.

ಪ್ರಶ್ನೆ: ಉಡುಪಿಯ ಅಂಬಲಪಾಡಿಯಲ್ಲಿ ನನ್ನದೊಂದು ಲೆಕ್ಕಪತ್ರದ ಕಚೇರಿ ಇದೆ. ಅಲ್ಲಿನ ಡೆಸ್ಕ್‌ಟಾಪ್‌ನಲ್ಲಿ ‘ಸ್ಟ್ಯಾಂಡರ್ಡ್ ಸಾಟಾ ಎಎಚ್‌ಸಿಐ ಕಂಟ್ರೋಲರ್’ನ ಡ್ರೈವರ್ ದಿನಾಂಕ 2006ರ ಜೂನ್ 21 ಎಂದು ತೋರಿಸುತ್ತಿದೆ. ಉಚಿತವಾಗಿ ಸಿಕ್ಕ ಒಂದು ಡ್ರೈವರ್ ಅಪ್‌ಡೇಟ್ ತಂತ್ರಾಂಶವು ಇದು ತೀರಾ ಹಳೆಯದಾಗಿದೆ, ಹಣ ಕಟ್ಟಿದರೆ ಹೊಸದನ್ನು ಹಾಕಿಕೊಡುತ್ತೇನೆ ಎನ್ನುತ್ತಿದೆ. ಹಾಕಿಸಿದರೆ ಕಂಪ್ಯೂಟರ್ ಚುರುಕಾಗುತ್ತದೆಯೇ?

ಉತ್ತರ: ಹಣ ಕಟ್ಟಬೇಡಿ, ಸಾಧ್ಯವಾದರೆ ಆ ತಂತ್ರಾಂಶವನ್ನೇ ಇಂದು ತೆಗೆದುಹಾಕಿ. ನೀವು ನೋಡಿದ ದಿನಾಂಕ ನಿಮ್ಮ ಡ್ರೈವರ್ ತಯಾರಾದ ದಿನವಲ್ಲ. ವಿಂಡೋಸ್‌ನ ಜೊತೆಯಲ್ಲೇ ಬರುವ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್ ಬೇಕೆಂದೇ ಈ ಹಳೆಯ ದಿನಾಂಕವನ್ನು ಹಚ್ಚಿರುತ್ತದೆ. ಒಂದೇ ಸಾಧನಕ್ಕೆ ಎರಡು ಡ್ರೈವರ್‌ಗಳು ಸಮನಾಗಿ ಹೊಂದಿದಾಗ ವಿಂಡೋಸ್ ಹೊಸ ದಿನಾಂಕ ಇರುವುದನ್ನು ಆರಿಸಿಕೊಳ್ಳುತ್ತದೆ. ವಿಂಡೋಸ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಅದರ ಸ್ವಂತ ಡ್ರೈವರ್‌ಗೂ ಹೊಸ ದಿನಾಂಕ ಬೀಳುವಂತಿದ್ದರೆ, ಕಂಟ್ರೋಲರ್ ತಯಾರಿಸಿದ ಕಂಪನಿ ಪ್ರತ್ಯೇಕವಾಗಿ ಬರೆದುಕೊಟ್ಟ ಡ್ರೈವರ್ ಪ್ರತಿ ಸಲವೂ ಮೂಲೆಗುಂಪಾಗುತ್ತಿತ್ತು. ಹಾಗಾಗದಿರಲೆಂದು ಮಾಡಿದ ಏರ್ಪಾಡು ಇದು. ದಿನಾಂಕದ ಕೆಳಗಿನ ಸಾಲಿನಲ್ಲಿರುವ ಆವೃತ್ತಿ ಸಂಖ್ಯೆಯನ್ನು ನೋಡಿ: ಅದು ನಿಮ್ಮ ವಿಂಡೋಸ್‌ನ ಆವೃತ್ತಿಯಂತೆ 10.0 ಎಂದು ಆರಂಭವಾಗುತ್ತದೆ. ವಿಂಡೋಸ್ ನವೀಕರಣವಾದಾಗ ಈ ಕಡತವೂ ನವೀಕರಣವಾಗುತ್ತದೆ.

ಇನ್ನು ವೇಗದ ಮಾತು. ಎಎಚ್‌ಸಿಐ ಎಂಬುದು ಸಾಟಾ ಕಂಟ್ರೋಲರ್‌ನೊಂದಿಗೆ ತಂತ್ರಾಂಶ ಹೇಗೆ ಮಾತಾಡಬೇಕೆಂದು 2004ರಲ್ಲಿ ಇಂಟೆಲ್ ಪ್ರಕಟಿಸಿದ, ಈಗ ಎಲ್ಲ ತಯಾರಕರೂ ಪಾಲಿಸುವ ಸಮಾನ ನಿಯಮಾವಳಿ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ವಿಸ್ಟಾದ ಕಾಲದಿಂದಲೂ ವಿಂಡೋಸ್‌ನ ಒಳಗೇ ಇದೆ, ವಿಂಡೋಸ್ 8ರಲ್ಲಿ ಅದನ್ನು ಹೊಸದಾಗಿ ಬರೆಯಲಾಯಿತು. ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ, ಸೆಕೆಂಡಿಗೆ 6 ಗಿಗಾಬಿಟ್‌ನ ಸಾಟಾ ಕೇಬಲಿನಲ್ಲಿ ಒಳ್ಳೆಯ ಎಸ್‌ಎಸ್‌ಡಿ ಕೂಡ ಸುಮಾರು 550 ಮೆಗಾಬೈಟ್‌ನ ಆಚೆಗೆ ಹೋಗಲಾರದು. ಆ ಮಿತಿ ಇರುವುದು ತಂತಿಯಲ್ಲಿ, ಡ್ರೈವರ್‌ನಲ್ಲಲ್ಲ. ನಿಮ್ಮ ಕಚೇರಿಯ ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಆ ಹಣವನ್ನು ಒಂದು ಎಸ್‌ಎಸ್‌ಡಿಗೆ ಹಾಕಿ. ವ್ಯತ್ಯಾಸ ಮೊದಲ ಬೂಟ್‌ನಲ್ಲೇ ತಿಳಿಯುತ್ತದೆ.

ಹಾಗಾದರೆ ತಯಾರಕರ ಡ್ರೈವರ್ ಎಂದಿಗೂ ಬೇಡವೇ? ಬೇಕಾಗುವ ಸಂದರ್ಭಗಳಿವೆ, ಮುಂದಿನ ಪತ್ರ ಅಂಥದ್ದೇ.

ಪ್ರಶ್ನೆ: ಸುರತ್ಕಲ್‌ನಲ್ಲಿ ಓದುತ್ತಿರುವ ವಿದ್ಯಾರ್ಥಿ ನಾನು. 12ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇರುವ, ಕಂಪನಿಯಿಂದಲೇ ಜೋಡಣೆಯಾಗಿ ಬಂದ ಡೆಸ್ಕ್‌ಟಾಪ್‌ಗೆ ಪೆನ್‌ಡ್ರೈವ್‌ನಿಂದ ವಿಂಡೋಸ್ 11 ಅನ್ನು ಹೊಸದಾಗಿ ಹಾಕಲು ಹೊರಟರೆ, ಡಿಸ್ಕ್ ಆರಿಸುವ ಪರದೆ ಪೂರ್ತಿ ಖಾಲಿ ಕಾಣಿಸುತ್ತದೆ. ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯಬಹುದಾದ ಮದರ್‌ಬೋರ್ಡ್‌ನ ಹೊಂದಿಕೆಯ ಪರದೆಯಲ್ಲಿ) ಮಾತ್ರ ಎಸ್‌ಎಸ್‌ಡಿಯ ಹೆಸರು ಸರಿಯಾಗಿಯೇ ಇದೆ. ಎಸ್‌ಎಸ್‌ಡಿ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಇದೆ. ಬಯೋಸ್‌ನಲ್ಲಿ ಅದು ಚಾಲೂ ಆಗಿದ್ದರೆ ಎನ್‌ವಿಎಂಇ ಎಸ್‌ಎಸ್‌ಡಿ (ಸಾಟಾಕ್ಕಿಂತ ವೇಗದ, ಹೊಸ ಬಗೆಯ ಎಸ್‌ಎಸ್‌ಡಿ) ನೇರವಾಗಿ ವಿಂಡೋಸ್‌ನ ಕಣ್ಣಿಗೆ ಬೀಳದೆ ವಿಎಂಡಿ ಕಂಟ್ರೋಲರ್‌ನ ಹಿಂದೆ ನಿಲ್ಲುತ್ತದೆ. ಆ ಕಂಟ್ರೋಲರ್‌ನ ಭಾಷೆ ಬಲ್ಲ ಡ್ರೈವರ್ ನಿಮ್ಮ ಪೆನ್‌ಡ್ರೈವ್‌ನಲ್ಲಿ ಇಲ್ಲದಿರುವುದರಿಂದ ಪರದೆ ಖಾಲಿಯಾಗಿದೆ.

ಇದಕ್ಕೆ ಎರಡು ದಾರಿಗಳಿವೆ. ಒಂದನೆಯದು, ಯಂತ್ರ ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾದರಿ ಸಂಖ್ಯೆಯ ಪುಟಕ್ಕೆ ಹೋಗಿ ‘ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ’ಯ ಡ್ರೈವರನ್ನು ಇಳಿಸಿಕೊಂಡು, ಅದನ್ನು ಬಿಚ್ಚಿ, ‘ಐಎನ್‌ಎಫ್’ ಕಡತ ಇರುವ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ, ಖಾಲಿ ಪರದೆಯಲ್ಲಿ ‘ಲೋಡ್ ಡ್ರೈವರ್’ ಒತ್ತಿ ಅದನ್ನು ತೋರಿಸುವುದು. ಇಳಿಸಿಕೊಂಡ ‘ಇಎಕ್ಸ್‌ಇ’ ಕಡತವನ್ನು ಹಾಗೆಯೇ ಹಾಕಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಹಲವರು ಎಡವುವುದು ಇಲ್ಲಿಯೇ. ಎರಡನೆಯದು, ಬಯೋಸ್‌ಗೆ ಹೋಗಿ ವಿಎಂಡಿಯನ್ನೇ ಆಫ್ ಮಾಡಿಬಿಡುವುದು. ಆಗ ವಿಂಡೋಸ್ 8.1ರಿಂದಲೂ ಒಳಗೇ ಬರುತ್ತಿರುವ ಮೈಕ್ರೋಸಾಫ್ಟ್‌ನ ಎನ್‌ವಿಎಂಇ ಡ್ರೈವರ್ ತಾನಾಗಿ ಎಸ್‌ಎಸ್‌ಡಿಯನ್ನು ಗುರುತಿಸುತ್ತದೆ.

ನಿಮ್ಮದು ಒಂದೇ ಎಸ್‌ಎಸ್‌ಡಿ ಇರುವ ಡೆಸ್ಕ್‌ಟಾಪ್ ಆಗಿದ್ದರೆ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ. ವಿಎಂಡಿಯ ನಿಜವಾದ ಉಪಯೋಗ ಇರುವುದು ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕ್‌ನಂತೆ ಬಳಸುವ ‘ರೇಡ್’ ಮಾಡುವವರಿಗೆ. ಮುಂದೆ ವಿಂಡೋಸ್‌ನಂತೆಯೇ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆಯಾದ ಉಬುಂಟು ಹಾಕುವ ಯೋಚನೆ ಇದ್ದರೂ ಈ ದಾರಿಯೇ ಸಲೀಸು. ಆದರೆ ಒಂದು ಎಚ್ಚರಿಕೆ: ಈ ಸಲಹೆ ಡಿಸ್ಕನ್ನು ಅಳಿಸಿ ಹೊಸದಾಗಿ ವಿಂಡೋಸ್ ಹಾಕುವವರಿಗೆ ಮಾತ್ರ. ಈಗಾಗಲೇ ವಿಎಂಡಿ ಚಾಲೂ ಇಟ್ಟು ಸ್ಥಾಪಿಸಿದ ವಿಂಡೋಸ್ ಇರುವವರು ಬಯೋಸ್‌ನಲ್ಲಿ ಅದನ್ನು ಏಕಾಏಕಿ ಆಫ್ ಮಾಡಿದರೆ ಕುಂದಾಪುರದ ಈ ಓದುಗರಿಗೆ ಆದದ್ದೇ ಆಗುತ್ತದೆ.

ಪ್ರಶ್ನೆ: ನಮ್ಮ ಮನೆಯ ಹಳೆಯ ಡೆಸ್ಕ್‌ಟಾಪ್‌ಗೆ ಕುಂದಾಪುರದ ಅಂಗಡಿಯೊಂದರಲ್ಲಿ ಎಸ್‌ಎಸ್‌ಡಿ ಹಾಕಿಸಿದೆವು. ಹಳೆಯ ಡಿಸ್ಕ್‌ನಲ್ಲಿದ್ದ ವಿಂಡೋಸ್ 10 ಅನ್ನು ಅದಕ್ಕೆ ನಕಲು ಮಾಡಿಕೊಟ್ಟರು. ಬಯೋಸ್‌ನಲ್ಲಿ ಕಂಟ್ರೋಲರ್‌ನ ಕ್ರಮವು ‘ಐಡಿಇ’ (ಎಎಚ್‌ಸಿಐಗಿಂತ ಹಳೆಯದು) ಎಂದಿದ್ದುದನ್ನು ‘ಎಎಚ್‌ಸಿಐ’ಗೆ ಬದಲಿಸಿದರೆ ಒಳ್ಳೆಯದೆಂದು ಎಲ್ಲೋ ಓದಿ ಬದಲಿಸಿದ ಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರುತ್ತಿದೆ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಬೇಕೇ?

ಉತ್ತರ: ಬೇಡ. ಬಯೋಸ್‌ಗೆ ಹೋಗಿ ಪುನಃ ‘ಐಡಿಇ’ ಎಂದಿಡಿ. ಕಂಪ್ಯೂಟರ್ ಮೊದಲಿನಂತೆ ಏಳುತ್ತದೆ. ನಿಮ್ಮ ಕಡತಗಳಿಗೆ ಏನೂ ಆಗಿಲ್ಲ.

ಇದು ಏಕಾಯಿತೆಂದರೆ, ವಿಂಡೋಸ್ ಏಳುವ ಮೊದಲ ಕ್ಷಣಗಳಲ್ಲಿ ತನಗೆ ಬೇಕಾದ ಎಲ್ಲ ಡ್ರೈವರ್‌ಗಳನ್ನೂ ಡಿಸ್ಕ್‌ನಿಂದ ಓದಿಕೊಳ್ಳಬೇಕು. ಆದರೆ ಡಿಸ್ಕನ್ನು ಓದುವುದಕ್ಕೇ ಕಂಟ್ರೋಲರ್‌ನ ಡ್ರೈವರ್ ಬೇಕು. ಮನೆಯೊಳಗಿಟ್ಟ ಬೀಗದ ಕೈಯಿಂದ ಅದೇ ಮನೆಯ ಬಾಗಿಲು ತೆಗೆಯಬೇಕೆಂಬಂಥ ಸ್ಥಿತಿ ಇದು. ಆದ್ದರಿಂದ ಕಂಟ್ರೋಲರ್‌ನ ಡ್ರೈವರನ್ನು ಮೊದಲೇ ಮೆಮೊರಿಗೆ ತುಂಬಿಸುವ ಏರ್ಪಾಡು ಇದೆ. ಹಾಗೆ ತುಂಬಿಸಬೇಕಾದ ಡ್ರೈವರ್ ಯಾವುದೆಂದು ವಿಂಡೋಸ್ ತನ್ನನ್ನು ಸ್ಥಾಪಿಸಿದ ಕಾಲದ ಬಯೋಸ್ ಹೊಂದಿಕೆಯನ್ನು ನೋಡಿ ಗುರುತು ಹಾಕಿಕೊಂಡಿರುತ್ತದೆ, ಬೇಡವಾದ ಉಳಿದವುಗಳನ್ನು ಬದಿಗಿಟ್ಟಿರುತ್ತದೆ. ನೀವು ಹೊಂದಿಕೆಯನ್ನು ಬದಲಿಸಿದಾಗ ಗುರುತು ಹಾಕಿದ ಡ್ರೈವರ್ ಒಂದು, ಎದುರಿಗಿರುವ ಕಂಟ್ರೋಲರ್ ಇನ್ನೊಂದು ಎಂದಾಯಿತು.

ಬದಲಾವಣೆ ಮಾಡಲೇಬೇಕೆಂದಿದ್ದರೆ, ಅಗತ್ಯ ಡ್ರೈವರ್‌ಗಳಷ್ಟರಿಂದಲೇ ವಿಂಡೋಸ್ ಏಳುವ ಸೇಫ್ ಮೋಡ್‌ನ ಮೂಲಕ ಮಾಡಿ, ಏಕೆಂದರೆ ಸೇಫ್ ಮೋಡ್‌ನಲ್ಲಿ ವಿಂಡೋಸ್ ತನ್ನ ಬಳಿ ಇರುವ ಮೂಲ ಡ್ರೈವರ್‌ಗಳಿಂದ ಹೊಂದುವುದನ್ನು ಆರಿಸಿಕೊಂಡು ಹೊಸ ಗುರುತನ್ನು ಹಾಕಿಕೊಳ್ಳುತ್ತದೆ. ‘ಐಡಿಇ’ಯಲ್ಲೇ ಇರುವಾಗ ‘ಸಿಸ್ಟಂ ಕಾನ್ಫಿಗರೇಶನ್’ ತೆರೆದು, ಬೂಟ್ ವಿಭಾಗದಲ್ಲಿ ‘ಸೇಫ್ ಬೂಟ್’ಗೆ ಗುರುತು ಹಾಕಿ ರೀಸ್ಟಾರ್ಟ್ ಮಾಡಿ. ವಿಂಡೋಸ್ ಏಳುವುದಕ್ಕೆ ಮೊದಲೇ ಬಯೋಸ್‌ಗೆ ಹೋಗಿ ‘ಎಎಚ್‌ಸಿಐ’ ಆರಿಸಿ ಉಳಿಸಿ. ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಆ ಗುರುತನ್ನು ತೆಗೆದು ಮತ್ತೊಮ್ಮೆ ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ಸೇಫ್ ಮೋಡ್‌ನಲ್ಲಿ ಪಿನ್ ನಡೆಯದೆ ಖಾತೆಯ ಪೂರ್ತಿ ಪಾಸ್‌ವರ್ಡ್ ಕೇಳಬಹುದು. ಅದು ನೆನಪಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿರುವ ಯಂತ್ರಗಳಲ್ಲಿ ಬಯೋಸ್ ಬದಲಾದಾಗ 48 ಅಂಕಿಗಳ ರಿಕವರಿ ಕೀ ಕೇಳುವ ಸಾಧ್ಯತೆಯೂ ಇದೆ. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಈ ಕೆಲಸಕ್ಕೆ ಕೈ ಹಾಕಬಾರದು.

ಬದಲಿಸಿದ್ದರಿಂದ ಪ್ರಯೋಜನ ಉಂಟೇ ಎಂದರೆ, ಉಂಟು. ಎಎಚ್‌ಸಿಐಯಲ್ಲಿ 32 ಆದೇಶಗಳನ್ನು ಒಟ್ಟಿಗೆ ಸಾಲಿನಲ್ಲಿಡಬಹುದು, ಹಳೆಯ ಐಡಿಇ ಕ್ರಮದಲ್ಲಿ ಒಂದು ಮುಗಿದ ಮೇಲೆ ಇನ್ನೊಂದು. ಆದರೆ ನಿಮ್ಮ ಮನೆಯ ಯಂತ್ರದಲ್ಲಿ ಎಸ್‌ಎಸ್‌ಡಿ ಹಾಕಿದಾಗ ಕಂಡಷ್ಟು ದೊಡ್ಡ ವ್ಯತ್ಯಾಸವನ್ನು ಇದರಿಂದ ನಿರೀಕ್ಷಿಸಬೇಡಿ.

ಪ್ರಶ್ನೆ: ಮಂಗಳೂರಿನ ಬಂದರು ಪ್ರದೇಶದಲ್ಲಿ ನಮ್ಮ ಮುದ್ರಣಾಲಯವಿದೆ. ಪುಟವಿನ್ಯಾಸ ಮಾಡುವ ಕಂಪ್ಯೂಟರ್ ಆಗಾಗ ಅರ್ಧ ನಿಮಿಷದಷ್ಟು ಹೊತ್ತು ಸ್ತಬ್ಧವಾಗಿ ಮತ್ತೆ ನಡೆಯುತ್ತದೆ. ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ 129 ಎಂಬ ಸಂಖ್ಯೆಯೊಂದಿಗೆ ‘ರೇಡ್‌ಪೋರ್ಟ್’ ಅನ್ನು ರೀಸೆಟ್ ಮಾಡಲಾಯಿತು ಎಂದಿದೆ. ನಾವು ರೇಡ್ ಬಳಸುತ್ತಿಲ್ಲ. ಡ್ರೈವರನ್ನು ಹಲವು ಬಾರಿ ಹೊಸದಾಗಿ ಹಾಕಿದರೂ ಫಲವಿಲ್ಲ.

ಉತ್ತರ: ‘ರೇಡ್‌ಪೋರ್ಟ್’ ಎಂಬ ಹೆಸರಿಗೆ ಗಾಬರಿಯಾಗಬೇಡಿ. ವಿಂಡೋಸ್ ತನ್ನೊಳಗೆ ಹೆಚ್ಚಿನ ಸ್ಟೋರೇಜ್ ಕಂಟ್ರೋಲರ್‌ಗಳನ್ನು ಕರೆಯುವುದು ಹಾಗೆಯೇ, ರೇಡ್ ಇರಲಿ ಇಲ್ಲದಿರಲಿ. 129ರ ಅರ್ಥ ಇಷ್ಟು: ಡಿಸ್ಕ್‌ಗೆ ಒಂದು ಆದೇಶ ಹೋಯಿತು, ನಿಗದಿತ ಹೊತ್ತಿನಲ್ಲಿ ಉತ್ತರ ಬರಲಿಲ್ಲ, ಆದ್ದರಿಂದ ಡ್ರೈವರ್ ಸಂಪರ್ಕವನ್ನು ಕಡಿದು ಮತ್ತೆ ಜೋಡಿಸಿತು. ಅಂದರೆ ಡ್ರೈವರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿ, ಎದುರು ಬದಿಯವರು ಮಾತಾಡುತ್ತಿಲ್ಲ ಎಂದು ದೂರು ಕೊಟ್ಟಿದೆ. ದೂರು ಕೊಟ್ಟವನನ್ನೇ ಮತ್ತೆ ಮತ್ತೆ ಬದಲಿಸಿದರೆ ಉಪಯೋಗವಿಲ್ಲ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ‘ಸ್ಮಾರ್ಟ್’ ವಿವರಗಳನ್ನು ತೋರಿಸುವ ಯಾವುದಾದರೂ ತಂತ್ರಾಂಶದಲ್ಲಿ ಆ ಡಿಸ್ಕ್‌ನ 199ನೇ ಅಂಶವನ್ನು ನೋಡಿ. ಸಾಮಾನ್ಯವಾಗಿ ಅಲ್ಲಿ ಕೇಬಲಿನ ದಾರಿಯಲ್ಲಿ ಕೆಟ್ಟುಹೋದ ದತ್ತಾಂಶದ ಲೆಕ್ಕ ಇರುತ್ತದೆ. ಈ ಲೆಕ್ಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆದ್ದರಿಂದ ಇಂದಿನ ಅಂಕಿಯನ್ನು ಬರೆದಿಟ್ಟುಕೊಂಡು ಕೆಲವು ದಿನ ಬಿಟ್ಟು ಹೋಲಿಸಿ. ಏರಿದ್ದರೆ ಸಾಟಾ ಕೇಬಲನ್ನು ಬದಲಿಸಿ, ಮದರ್‌ಬೋರ್ಡ್‌ನ ಬೇರೆ ಪೋರ್ಟ್‌ಗೆ ಹಾಕಿ, ವಿದ್ಯುತ್ ಕೊಡುವ ಕನೆಕ್ಟರ್ ಸಡಿಲವಾಗಿದೆಯೇ ಎಂದು ನೋಡಿ. ನಿಮ್ಮ ಜಾಗದಲ್ಲಿ ಕಡಲಿನ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಅದರ ಮೇಲೆ ಮುದ್ರಣಾಲಯದ ಕಾಗದದ ಧೂಳು ಎಲ್ಲವೂ ಸೇರುವುದರಿಂದ ನನ್ನ ಸಂಶಯ ಮೊದಲು ಹೋಗುವುದು ಕನೆಕ್ಟರ್‌ಗಳ ಕಡೆಗೆ. ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತುದಿಗಳನ್ನು ಶುಚಿಗೊಳಿಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಒಂದು ವೇಳೆ 5 ಅಥವಾ 197ನೇ ಅಂಶ ಏರುತ್ತಿದ್ದರೆ ಕೇಬಲಿನ ಚಿಂತೆ ಬಿಟ್ಟು ಮೊದಲು ಕಡತಗಳನ್ನು ಬೇರೆಡೆಗೆ ನಕಲು ಮಾಡಿ, ಏಕೆಂದರೆ ಡಿಸ್ಕ್‌ನ ಮೇಲ್ಮೈಯೇ ಹಾಳಾಗುತ್ತಿರುವ ಲಕ್ಷಣ ಅದು.

ಇವೆಲ್ಲ ಸರಿಯಿದ್ದೂ ತೊಂದರೆ ಮುಂದುವರಿದರೆ ಪವರ್ ಪ್ಲಾನನ್ನು ‘ಹೈ ಪರ್ಫಾರ್ಮೆನ್ಸ್’ಗೆ ಬದಲಿಸಿ ನೋಡಿ, ವಿದ್ಯುತ್ ಉಳಿಸಲು ನಿದ್ರೆಗೆ ಹೋದ ಸಂಪರ್ಕ ತಡವಾಗಿ ಏಳುವುದೂ ಇಂಥ ಸ್ತಬ್ಧತೆಗೆ ಒಂದು ಕಾರಣ. ಡ್ರೈವರ್‌ನ ಸರದಿ ಬರುವುದು ಇದರ ನಂತರ. ಆಗಲೂ ಹೊಸದನ್ನು ಹುಡುಕುವ ಬದಲು, ಈಗ ತಯಾರಕರ ಡ್ರೈವರ್ ಇದ್ದರೆ ಮೈಕ್ರೋಸಾಫ್ಟ್‌ನದಕ್ಕೆ ಮರಳಿ ಪರೀಕ್ಷಿಸಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕಂಟ್ರೋಲರ್ ಮೇಲೆ ಬಲ ಕ್ಲಿಕ್ ಮಾಡಿ, ‘ಅಪ್‌ಡೇಟ್ ಡ್ರೈವರ್’ ಒತ್ತಿ, ಕಂಪ್ಯೂಟರ್‌ನಲ್ಲೇ ಇರುವ ಪಟ್ಟಿಯಿಂದ ‘ಸ್ಟ್ಯಾಂಡರ್ಡ್ ಸಾಟಾ ಎಎಚ್‌ಸಿಐ ಕಂಟ್ರೋಲರ್’ ಆರಿಸಿದರೆ ಸಾಕು. ಬಯೋಸ್ ಎಎಚ್‌ಸಿಐಯಲ್ಲಿ ಇರುವವರು ಮಾತ್ರ ಹೀಗೆ ಮಾಡಬೇಕು.

ಪ್ರಶ್ನೆ: ಮಣಿಪಾಲದಿಂದ ಬರೆಯುತ್ತಿದ್ದೇನೆ. ನನ್ನ ಎಎಂಡಿ ಮದರ್‌ಬೋರ್ಡ್‌ನ ಪುಟದಲ್ಲಿ ಚಿಪ್‌ಸೆಟ್ (ಮದರ್‌ಬೋರ್ಡ್‌ನ ಮುಖ್ಯ ಚಿಪ್) ಡ್ರೈವರ್, ರೇಡ್ ಡ್ರೈವರ್ ಎಂದು ಎರಡು ಇವೆ. ಎರಡನ್ನೂ ಹಾಕಬೇಕೇ?

ಉತ್ತರ: ಚಿಪ್‌ಸೆಟ್‌ನದನ್ನು ಹಾಕಿ. ಬಯೋಸ್‌ನಲ್ಲಿ ರೇಡ್ ಮಾಡಿಕೊಂಡಿಲ್ಲವಾದರೆ ಎರಡನೆಯದು ಬೇಡ.

ಪ್ರಶ್ನೆ: ಕಾರ್ಕಳದಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದೇನೆ. ಇಂಟೆಲ್ ಮದರ್‌ಬೋರ್ಡ್‌ನಲ್ಲಿ ಎರಡು ಹಾರ್ಡ್ ಡಿಸ್ಕ್‌ಗಳನ್ನು ರೇಡ್ 1 (ಎರಡರಲ್ಲೂ ಒಂದೇ ಪ್ರತಿ) ಮಾಡಿ ಮದುವೆಯ ಚಿತ್ರಗಳನ್ನು ಇಟ್ಟಿದ್ದೇನೆ. ಇಂಟೆಲ್‌ನ ಜಾಲತಾಣದಲ್ಲಿ ಹಲವು ಆವೃತ್ತಿಯ ಡ್ರೈವರ್‌ಗಳಿವೆ. ಅತಿ ಹೊಸದನ್ನು ಹಾಕಲೇ?

ಉತ್ತರ: ಅತಿ ಹೊಸದು ನಿಮಗೆ ಹೊಂದದಿರಬಹುದು. ಈ ಡ್ರೈವರ್‌ನ ಪ್ರತಿ ಸರಣಿಯೂ ಕೆಲವು ತಲೆಮಾರಿನ ಚಿಪ್‌ಸೆಟ್‌ಗಳಿಗೆ ಮಾತ್ರ; ಹೊಸ ಸರಣಿ ಬಂದಾಗ ಹಳೆಯ ಚಿಪ್‌ಸೆಟ್‌ಗಳು ಅದರ ಪಟ್ಟಿಯಿಂದ ಬಿಟ್ಟುಹೋಗುತ್ತವೆ. ನಿಮ್ಮ ಮದರ್‌ಬೋರ್ಡ್ ಮಾದರಿಯ ಪುಟದಲ್ಲಿ ಕೊಟ್ಟಿರುವ ಸರಣಿಯೊಳಗಿನ ಕೊನೆಯ ಆವೃತ್ತಿಯೇ ನಿಮಗೆ ಸರಿಯಾದದ್ದು. ಅದೂ ಈಗಿನದರಲ್ಲಿ ಏನಾದರೂ ತೊಂದರೆ ಇದ್ದರೆ, ಅಥವಾ ವಿಂಡೋಸ್‌ನ ಹೊಸ ಆವೃತ್ತಿಗೆ ಹೋಗುವಾಗ ಬೇಕಾದರೆ ಮಾತ್ರ. ಹಾಕುವ ಮೊದಲು ಚಿತ್ರಗಳ ಇನ್ನೊಂದು ಪ್ರತಿ ಹೊರಗಿನ ಡಿಸ್ಕ್‌ನಲ್ಲಿರಲಿ. ರೇಡ್ 1 ಇದ್ದರೂ ಅಳಿಸಿದ ಕಡತ ಎರಡೂ ಡಿಸ್ಕ್‌ಗಳಿಂದ ಒಟ್ಟಿಗೇ ಅಳಿದುಹೋಗುತ್ತದೆ.

ನೀವು ಕೇಳದ ಒಂದು ಸಂಗತಿಯನ್ನು ಹೇಳಲೇಬೇಕು. ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ಸೋತಾಗ ಬಯೋಸ್ ತನ್ನ ಮೂಲ ಹೊಂದಿಕೆಗೆ, ಎಂದರೆ ಹೆಚ್ಚಾಗಿ ಎಎಚ್‌ಸಿಐಗೆ, ಮರಳುತ್ತದೆ. ಒಂದು ದಿನ ರೇಡ್ ಮಾಯವಾಗಿ ಎರಡು ಬಿಡಿ ಡಿಸ್ಕ್‌ಗಳು ಕಾಣಿಸಿದರೆ, ಅವುಗಳ ಮೇಲೆ ಏನನ್ನೂ ಬರೆಯದೆ, ವಿಂಡೋಸ್ ‘ಇನಿಶಿಯಲೈಸ್’ (ಹೊಸ ಡಿಸ್ಕ್‌ನಂತೆ ಸಿದ್ಧ) ಮಾಡಲೇ ಎಂದು ಕೇಳಿದರೆ ಬೇಡವೆಂದು ಹೇಳಿ ಯಂತ್ರವನ್ನು ಆರಿಸಿ. ಬ್ಯಾಟರಿ ಬದಲಿಸಿ ಬಯೋಸ್‌ನಲ್ಲಿ ಮತ್ತೆ ರೇಡ್ ಆರಿಸಿದರೆ ಸಾಮಾನ್ಯವಾಗಿ ಜೋಡಿ ಹಾಗೆಯೇ ಮರಳಿ ಸಿಗುತ್ತದೆ, ಏಕೆಂದರೆ ಅದರ ವಿವರ ಬರೆದಿರುವುದು ಡಿಸ್ಕ್‌ಗಳ ಮೇಲೆಯೇ. ಆ ಬ್ಯಾಟರಿಯ ಹೆಸರು ಸಿಆರ್2032. ಕಾರ್ಕಳದ ಯಾವುದೇ ಗಡಿಯಾರದ ಅಂಗಡಿಯಲ್ಲಿ ಕೇಳಿ ನೋಡಿ.