ಬಳ್ಳಾರಿ ಬಿಸಿಲಿನಲ್ಲಿ ಮಾಲ್ಟ್ ಹೋಲಿಕೆ

ಬೆಂಗಳೂರಿನ ಅಮೃತ್ ಫ್ಯೂಷನ್ ಮತ್ತು ಸ್ಕಾಟ್ಲೆಂಡಿನ ಲಾಗವುಲಿನ್ 16, ಈ ಎರಡು ಮಾಲ್ಟ್ ವಿಸ್ಕಿಗಳನ್ನು ಪಕ್ಕಪಕ್ಕ ಇಟ್ಟಾಗ ಫ್ಯೂಷನ್ ಬರೀ ಮೂಗು ಸುಡುತ್ತದೆ, ಐಸ್ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ, ತಣ್ಣಗಾದರೆ ಪರಿಮಳವೇ ಮುದುಡುತ್ತದೆ. ಫ್ಯೂಷನ್‌ನಲ್ಲಿ ಮದ್ಯಸಾರ ಶೇ 50, ಲಾಗವುಲಿನ್‌ನಲ್ಲಿ ಶೇ 43. ಇದು ಸಮಬಲದ ಹೋಲಿಕೆಯೇ ಅಲ್ಲ! 30 ಮಿ.ಲೀ. ಫ್ಯೂಷನ್‌ಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ನೀರು ಬೆರೆಸಿದರೆ ಎರಡೂ ಸರಿಸಮ. ನಮ್ಮೂರಿನ ಮೇ ತಿಂಗಳಲ್ಲಿ ಕೋಣೆಯ ಶಾಖಕ್ಕೇ ಮದ್ಯಸಾರ ಮೊದಲು ಮೇಲೇಳುತ್ತದೆ. ಹಾಗಾಗಿ ಆ ಶಾಖ ಇಳಿಯುವಷ್ಟು ಮಾತ್ರ, ಬಾಟಲಿಯನ್ನು ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಬಾಯಿ ಕಿರಿದಾದ ಗ್ಲಾಸ್ ಇರಲಿ.

ಫ್ಯೂಷನ್ ಮೊದಲು, ಲಾಗವುಲಿನ್ ಕೊನೆಗೆ. ಲಾಗವುಲಿನ್ ತಯಾರಾಗುವ ಐಲಾ ದ್ವೀಪದ ಆ ಪೀಟ್ (ಜೌಗು ನೆಲದಿಂದ ಅಗೆದು ಉರಿಸುವ ಮಣ್ಣು) ಹೊಗೆ ನಾಲಿಗೆಗೆ ಹತ್ತಿದ ಮೇಲೆ ಫ್ಯೂಷನ್‌ನ ಮೃದುವಾದ ಹೊಗೆ ತಿಳಿಯುವುದೇ ಇಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ನನಗೂ ಪ್ರಾಣ. ಆದರೆ ಅವು ರುಚಿ ನೋಡಿ ಮುಗಿದ ಮೇಲೆ.