ತಿದ್ದಿದ ಟಾಸ್ಮೋಟಾ ಕೋಡ್ ಯಾರಿಗೆ ಕೊಡಬೇಕು?

ಸಾರ್, ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೋರ್‌ವೆಲ್ ಮೋಟಾರಿಗೆ ಇಎಸ್‌ಪಿ32 ಅನ್ನುವ ಚಿಕ್ಕ ವೈಫೈ ಕಂಟ್ರೋಲರ್ ಬೋರ್ಡ್ ಹಾಕಿದ್ದೀರಿ. ನೀರು ನಿಂತರೆ ಮೋಟಾರ್ ಆಫ್ ಆಗಲಿ ಅಂತ ಆ ಬೋರ್ಡಿನಲ್ಲಿ ಓಡುವ ಟಾಸ್ಮೋಟಾ ಅನ್ನುವ ಮುಕ್ತ ಸಾಫ್ಟ್‌ವೇರಿನ ಕೋಡನ್ನೇ ತಿದ್ದಿದ್ದೀರಿ. "ಜಿಪಿಎಲ್ ಕೋಡ್ ತಿದ್ದಿದರೆ ಗಿಟ್‌ಹಬ್‌ಗೆ ಹಾಕಲೇಬೇಕು" ಅಂತ ಮೇಲಿನ ಕಾಮೆಂಟಿನಲ್ಲಿ ಒಬ್ಬರು ಹೆದರಿಸಿದ್ದಾರೆ. ಜಿಪಿಎಲ್ ಅಂದರೆ ಮುಕ್ತ ಸಾಫ್ಟ್‌ವೇರಿನ ಒಂದು ಲೈಸೆನ್ಸ್, ಗಿಟ್‌ಹಬ್ ಅಂದರೆ ಕೋಡ್ ಹಾಕಿಡುವ ಸೈಟು. ಈಗ ಪಕ್ಕದ ತೋಟದವರೂ ಅದೇ ಬೋರ್ಡ್ ಕೇಳುತ್ತಿದ್ದಾರೆ.

ಗಿಟ್‌ಹಬ್ ಮಾತು ತಪ್ಪು. ಟಾಸ್ಮೋಟಾಕ್ಕೆ ಇರುವುದು 2007ರ ಜಿಪಿಎಲ್ 3ನೇ ಆವೃತ್ತಿ. ಬೇರೆಯವರ ಕೈಗೆ ಕೊಡದೆ ನಿಮ್ಮಲ್ಲೇ ತಿದ್ದಿ ಓಡಿಸಿಕೊಳ್ಳಲು ಷರತ್ತೇ ಇಲ್ಲ ಅಂತ ಅದರ 2ನೇ ಕಲಮಿನಲ್ಲಿದೆ. ನಿಮ್ಮ ಎಲ್ಲಾ ತೋಟಕ್ಕೂ ಹಾಕಿಕೊಳ್ಳಿ, ಯಾರೂ ಕೇಳುವ ಹಾಗಿಲ್ಲ. ದುಡ್ಡು ಕೊಟ್ಟು ನಿಮಗೋಸ್ಕರ ಇನ್ನೊಬ್ಬರ ಹತ್ತಿರ ಕೋಡ್ ತಿದ್ದಿಸಿದರೂ ಅಷ್ಟೇ.

ಪಕ್ಕದವರಿಗೆ ಬೋರ್ಡ್ ಕೊಟ್ಟಾಗ ಮಾತ್ರ ಲೆಕ್ಕ ಬೇರೆ. ಮಾರಿದರೂ ಒಂದೇ, ಸುಮ್ನೆ ಕೊಟ್ಟರೂ ಒಂದೇ. ಬೋರ್ಡಿನೊಳಗೆ ಟಾಸ್ಮೋಟಾ ಹೋಯಿತಲ್ಲ, ಆದ್ದರಿಂದ ಸೋರ್ಸ್ ಕೋಡೂ, ಅಂದರೆ ತಿದ್ದಲು ಬರುವ ಮೂಲ ಕೋಡೂ, ಅವರಿಗೆ ಸಿಗಬೇಕು. ಬೋರ್ಡ್ ಜೊತೆಗೇ ಪೆನ್‌ಡ್ರೈವ್‌ನಲ್ಲಿ ಕೊಟ್ಟುಬಿಡಿ, ಅಲ್ಲಿಗೆ ಮುಗಿಯಿತು. ಕೇಳಿದಾಗ ಕೊಡುತ್ತೇನೆ ಅಂತ ಬರೆದುಕೊಡುವ ದಾರಿಯೂ ಇದೆ. ಆದರೆ ಆ ಮಾತು ಕನಿಷ್ಠ 3 ವರ್ಷ ನಡೆಸಬೇಕು, ಬೋರ್ಡ್ ಬೇರೆಯವರ ಕೈಗೆ ಹೋದರೆ ಅವರಿಗೂ ಕೊಡಬೇಕು. ಯಾಕೆ ಬೇಕು ಆ ತಲೆನೋವು?

ಜಾಸ್ತಿ ಜನ ಎಡವುವುದು ಪೆನ್‌ಡ್ರೈವ್‌ಗೆ ಏನು ಹಾಕಬೇಕು ಅನ್ನುವಲ್ಲಿ. ಟಾಸ್ಮೋಟಾ ಸೈಟಿನ ಲಿಂಕ್ ಕೊಟ್ಟರೆ ಸಾಲದು, ಅದರಲ್ಲಿ ನಿಮ್ಮ ತಿದ್ದುಪಡಿ ಇಲ್ಲವಲ್ಲ. ಅವರ ಬೋರ್ಡಿಗೆ ಹಾಕಿದ ಫರ್ಮ್‌ವೇರ್ (ಬೋರ್ಡಿನೊಳಗೆ ಓಡುವ ಪ್ರೋಗ್ರಾಮ್) ಯಾವ ಫೋಲ್ಡರಿನಿಂದ ಬಿಲ್ಡ್ ಆಯಿತೋ, ಅಂದರೆ ತಯಾರಾಯಿತೋ, ಆ ಇಡೀ ಫೋಲ್ಡರ್ ಬೇಕು, ಬಿಲ್ಡ್ ಮಾಡುವ ಟೂಲ್ ಪ್ಲಾಟ್‌ಫಾರ್ಮ್‌ಐಒ ಸೆಟ್ಟಿಂಗ್ ಸಮೇತ. ಲೈಸೆನ್ಸ್ ಫೈಲ್ ಹಾಗೇ ಇರಲಿ. ಇದನ್ನು ತಿದ್ದಿದ್ದೇನೆ ಅಂತ ತಾರೀಕು ಹಾಕಿ ಒಂದು ಸಾಲು ಬರೆಯಿರಿ. ಮತ್ತೊಂದು, ನಿಮ್ಮ ಸೆಟ್ಟಿಂಗ್ ಬರೆದಿಡುವ ಯೂಸರ್ ಕಾನ್ಫಿಗ್ ಓವರ್‌ರೈಡ್ ಫೈಲಿನಲ್ಲಿ ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ಇದೆಯಾ ನೋಡಿ. ಇದ್ದರೆ ತೆಗೆದು ಹೊಸದಾಗಿ ಬಿಲ್ಡ್ ಮಾಡಿ, ಅದನ್ನೇ ಅವರ ಬೋರ್ಡಿಗೆ ಹಾಕಿ. ಫೈಲಿನಲ್ಲಿ ಮಾತ್ರ ಅಳಿಸಿದರೆ ಹಳೇ ಬಿಲ್ಡ್ ಒಳಗೆ ಪಾಸ್‌ವರ್ಡ್ ಕೂತೇ ಇರುತ್ತದೆ.

ಅವರು ಅದನ್ನೇ ಕಾಪಿ ಮಾಡಿ ಮಾರಿದರೆ ಅಂತ ಕೇಳಿದ್ದೀರಿ. ಮಾರಬಹುದು, ತಡೆಯುವ ಹಕ್ಕು ನಿಮಗಿಲ್ಲ. ನೀವೂ ನಿಮಗೆ ತೋಚಿದ ರೇಟ್ ಹೇಳಬಹುದು. ನನ್ನ ಕೇಳಿದರೆ, ತ್ರೀ ಫೇಸ್ ಕರೆಂಟು ಬಂದ ಹೊತ್ತಿಗೆ ಸ್ಟಾರ್ಟರ್ ಎತ್ತದಿದ್ದರೆ ಓಡಿ ಬರುವವರಿಗೇ ರೈತರು ದುಡ್ಡು ಕೊಡುವುದು. ಕಾಪಿ ಹೊಡೆದವರು ಅಷ್ಟು ಹೊತ್ತಲ್ಲಿ ಫೋನ್ ಎತ್ತಲ್ಲ ಬಿಡಿ.

ರಾಸ್ಪ್‌ಬೆರಿ ಪೈ ಅನ್ನುವ ಚಿಕ್ಕ ಕಂಪ್ಯೂಟರಿನಲ್ಲಿ ನೀವೇ ಬರೆದ ಪೈಥಾನ್ ಪ್ರೋಗ್ರಾಮ್ ಬೋರ್ಡಿನ ಜೊತೆ ಎಂಕ್ಯೂಟಿಟಿಯಲ್ಲಿ ಸಂದೇಶ ಕಳಿಸಿಕೊಳ್ಳುತ್ತದೆ, ಅಷ್ಟೇ ಅಲ್ವಾ? ಅದು ಬೇರೆ ಪ್ರೋಗ್ರಾಮ್, ಅದರ ಸೋರ್ಸ್ ಕೊಡಬೇಕಿಲ್ಲ.

ಅಂಕಿಅಂಶಗಳನ್ನು ಗ್ರಾಫ್ ಆಗಿ ತೋರಿಸುವ ಗ್ರಾಫಾನಾ ಸಾಫ್ಟ್‌ವೇರ್ ಬಳಸುವುದಾದರೆ ಸ್ವಲ್ಪ ಹುಷಾರು. 2021ರಿಂದ ಅದು ಎಜಿಪಿಎಲ್ ಅನ್ನುವ, ಜಿಪಿಎಲ್ ತರಹದ ಇನ್ನೊಂದು ಲೈಸೆನ್ಸಿಗೆ ಬಂದಿದೆ. ಅದರ ಕೋಡ್ ತಿದ್ದಿ ನಾಲ್ಕು ಜನರಿಗೆ ಲಾಗಿನ್ ಕೊಟ್ಟರೆ, ಪ್ರೋಗ್ರಾಮಿನ ಕಾಪಿ ಕೈಗೆ ಕೊಡದಿದ್ದರೂ ಅವರಿಗೆ ಸೋರ್ಸ್ ಸಿಗುವ ಹಾಗೆ ಮಾಡಬೇಕು. ತಿದ್ದದೆ ಇದ್ದ ಹಾಗೇ ಬಳಸಿದರೆ ಆ ಷರತ್ತು ಬರುವುದಿಲ್ಲ.

ಈಗಾಗಲೇ ಯಾರಿಗಾದರೂ ಬರೀ ಬೋರ್ಡ್ ಕೊಟ್ಟಿದ್ದರೂ ಗಾಬರಿ ಬೇಡ, ಈ ವಾರವೇ ಸೋರ್ಸ್ ತಲುಪಿಸಿ. ಮೊದಲ ಸಲ ನೋಟಿಸ್ ಬಂದರೂ 30 ದಿನದೊಳಗೆ ಸರಿಪಡಿಸಿದವರಿಗೆ ಜಿಪಿಎಲ್ 3ರಲ್ಲಿ ಹಕ್ಕು ವಾಪಸ್ ಸಿಗುತ್ತದೆ.